ಎಪ್ಪತ್ತು ವರ್ಷಗಳ ಕಾಗದ

(ಬೀದರಿನಲ್ಲಿ ಸುಗ್ಗಿ ಹಬ್ಬದ ಸಂಜೆ ನಡೆದ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಆಡುವಾಗ ಬಿಟ್ಟುಹೋದ ಒಂದೆರಡು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಪ್ರಿಯ ಸಭಾಪಾಲಕರೇ, ಹಿರಿಯರೇ, ಸಹೋದರ ಸಹೋದರಿಯರೇ,

ಈ ಸಂಜೆಗೆ ನೀವು ನನಗೆ ಕೊಟ್ಟ ವಿಷಯ 'ದೇವರ ಸಮಯದಲ್ಲಿಯೂ ದೇವರ ಉದ್ದೇಶದಲ್ಲಿಯೂ ಭರವಸೆ' ಎಂಬುದು. ವಿಷಯ ಕೈಗೆ ಬಂದ ದಿನದಿಂದ ನಾನು ಹೋದ ಮನೆಗಳ ಗೋಡೆಗಳನ್ನು ಸ್ವಲ್ಪ ಗಮನವಿಟ್ಟು ನೋಡುತ್ತ ಬಂದೆ. ಬೀದರ್, ಹುಮನಾಬಾದ್, ಭಾಲ್ಕಿ, ಎಲ್ಲಿಗೆ ಹೋದರೂ ನಮ್ಮವರ ಪಡಸಾಲೆಯಲ್ಲಿ ಸತ್ಯವೇದದ ವಚನ ಬರೆದ ಒಂದು ಕ್ಯಾಲೆಂಡರು ತೂಗುತ್ತಿರುತ್ತದೆ. ಅದರ ಹನ್ನೆರಡು ಹಾಳೆಗಳಲ್ಲಿ ಯಾವುದಾದರೂ ಒಂದರ ಮೇಲೆ ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೇ ವಚನ ಇರುವುದನ್ನು ಮೇಲಿಂದ ಮೇಲೆ ಕಂಡೆ. ತನ್ನ ಜನರ ವಿಷಯದಲ್ಲಿ ತಾನು ಮಾಡಿಕೊಂಡಿರುವ ಆಲೋಚನೆಗಳು ತನಗೆ ಗೊತ್ತಿವೆ, ಅವು ಕೇಡಿನವಲ್ಲ, ಹಿತದವು, ಅವರಿಗೆ ಮುಂದಿನ ದಿನಗಳನ್ನೂ ನಿರೀಕ್ಷೆಯನ್ನೂ ಕೊಡುವಂಥವು ಎಂದು ಕರ್ತನು ಹೇಳುವ ಮಾತು ಅದು. ಪರೀಕ್ಷೆಗೆ ಹೋಗುವ ಹುಡುಗನಿಗೂ, ಮದುವೆ ಕೂಡಿಬರದ ಹುಡುಗಿಗೂ, ಆಪರೇಷನ್ನಿಗೆ ಒಳಗೆ ಹೋಗುವ ರೋಗಿಗೂ ನಾವು ಆ ವಚನವನ್ನೇ ಓದಿ ಪ್ರಾರ್ಥಿಸುತ್ತೇವೆ. ನಾನೂ ಎಷ್ಟೋ ಸಲ ಓದಿದ್ದೇನೆ.

ಆದರೆ ಅದರ ಹಿಂದಿನ ವಚನವನ್ನು ಯಾರೂ ಕ್ಯಾಲೆಂಡರಿಗೆ ಹಾಕುವುದಿಲ್ಲ. ಬಾಬೆಲಿಗೆ (ಬ್ಯಾಬಿಲೋನಿಗೆ) 70 ವರ್ಷ ತುಂಬಿದ ಮೇಲೆ ನಿಮ್ಮನ್ನು ಕಟಾಕ್ಷಿಸಿ ಈ ಸ್ಥಳಕ್ಕೆ ತಿರುಗಿ ಬರಮಾಡುವೆನು ಎಂಬುದು ಆ 10ನೇ ವಚನದ ತಾತ್ಪರ್ಯ. ಅಂದರೆ ನಮ್ಮ ಗೋಡೆಯ ಮೇಲಿನ ವಚನ ಯೆರೆಮೀಯನು ಬರೆದು ಕಳುಹಿಸಿದ ಒಂದು ಕಾಗದದ ತುಣುಕು, ಆ ಕಾಗದದಲ್ಲಿ ಒಂದು ಅವಧಿ ಇದೆ, ಮತ್ತು ಆ ಅವಧಿ ಒಬ್ಬ ಮನುಷ್ಯನ ಆಯುಷ್ಯದಷ್ಟು ದೊಡ್ಡದು. ಇಂದು ನಾನು ಹೇಳಬೇಕೆಂದಿರುವುದೆಲ್ಲ ಈ ಎರಡು ವಚನಗಳನ್ನು ಒಟ್ಟಿಗೆ ಓದಿದಾಗ ಏಳುವ ಮಾತು.

ಆ ಕಾಗದ ಯಾರಿಗೆ ಹೋಯಿತು ಎಂಬುದನ್ನು ನೆನಪಿಸಿಕೊಳ್ಳೋಣ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನ ಅರಸನನ್ನೂ ಅಧಿಕಾರಿಗಳನ್ನೂ ಕಮ್ಮಾರ, ಬಡಗಿ ಮೊದಲಾದ ಕೆಲಸಗಾರರನ್ನೂ ಸೆರೆಯಾಗಿ ಒಯ್ದನು. ಹೋದವರ ಮನಸ್ಸೆಲ್ಲ ಹಿಂದೆ ಬಿಟ್ಟುಬಂದ ಊರಿನಲ್ಲಿತ್ತು. ಆಗ ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ, ಯಾಜಕರ ಮತ್ತು ಜನರೆಲ್ಲರ ಎದುರಿನಲ್ಲಿ, ಎರಡೇ ವರ್ಷದೊಳಗೆ ಎಲ್ಲವೂ ತಿರುಗಿ ಬರುತ್ತದೆ ಎಂದು ಕರ್ತನ ಹೆಸರಿನಲ್ಲಿ ಸಾರಿದನು. ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ತೆಗೆದು ಮುರಿದೂ ತೋರಿಸಿದನು. ಆ ದಿನ ನಾವು ಅಲ್ಲಿ ಇದ್ದಿದ್ದರೆ ನಮ್ಮ ಮನಸ್ಸು ಯಾರ ಕಡೆ ವಾಲುತ್ತಿತ್ತು? ಎರಡು ವರ್ಷವೆಂದರೆ ಹಲ್ಲು ಕಚ್ಚಿಕೊಂಡು ಕಳೆಯಬಹುದು. ಮನೆ ಕಟ್ಟಬೇಕಾಗಿಲ್ಲ, ಮಕ್ಕಳ ಮದುವೆ ಮುಂದೂಡಬಹುದು, ಗಂಟುಮೂಟೆಯನ್ನು ಬಿಚ್ಚದೆ ಬಾಗಿಲಲ್ಲೇ ಇಟ್ಟುಕೊಂಡಿರಬಹುದು.

ಯೆರೆಮೀಯನ ಕಾಗದ ಇದಕ್ಕೆ ಪೂರಾ ವಿರುದ್ಧವಾಗಿತ್ತು. ಮನೆಗಳನ್ನು ಕಟ್ಟಿ ವಾಸಮಾಡಿರಿ, ತೋಟ ಹಾಕಿ ಅದರ ಫಲ ಉಣ್ಣಿರಿ, ಮದುವೆ ಮಾಡಿಕೊಳ್ಳಿರಿ, ಮಕ್ಕಳಿಗೂ ಮದುವೆ ಮಾಡಿರಿ, ನೀವು ಸೆರೆಯಾಗಿ ಹೋದ ಪಟ್ಟಣದ ಕ್ಷೇಮಕ್ಕಾಗಿ ಕರ್ತನನ್ನು ಪ್ರಾರ್ಥಿಸಿರಿ ಎಂದು ಅದರಲ್ಲಿ ಬರೆದಿತ್ತು. ಅದನ್ನು ಕೇಳುತ್ತ ಕುಳಿತಿದ್ದ ನಲವತ್ತು ವರ್ಷದ ಒಬ್ಬ ಕಮ್ಮಾರನನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಆತನಿಗೆ ಲೆಕ್ಕ ತಕ್ಷಣ ತಿಳಿದಿರಬೇಕು. ತಾನು ತಿರುಗಿ ಹೋಗುವುದಿಲ್ಲ. ಬಗಲಿನ ಕೂಸು ಬದುಕಿದ್ದರೆ ಮುದುಕನಾಗಿ ಹೋದೀತು, ಹೆಚ್ಚಾಗಿ ಮೊಮ್ಮಕ್ಕಳು ಹೋದಾರು. ಅಂಥವನಿಗೆ ದೇವರು, ನಿನಗೆ ನಿರೀಕ್ಷೆ ಇದೆ ಎಂದರು. ಅದು ಸುಳ್ಳಾಗಿರಲಿಲ್ಲ. ಆ ನಿರೀಕ್ಷೆಯನ್ನು ಹಿಡಿಯಲು ಅವನು ತನ್ನ ಆಯುಷ್ಯಕ್ಕಿಂತ ದೊಡ್ಡ ಲೆಕ್ಕವೊಂದನ್ನು ಒಪ್ಪಿಕೊಳ್ಳಬೇಕಾಗಿತ್ತು.

ನಮ್ಮ ಭಾಗದಿಂದ ಹೈದರಾಬಾದಿಗೆ, ಪುಣೆಗೆ, ಮುಂಬೈಗೆ ದುಡಿಯಲು ಹೋದ ಕುಟುಂಬಗಳಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಮುಂದಿನ ವರ್ಷ ಊರಿಗೆ ಬಂದುಬಿಡುತ್ತೇವೆ ಎಂದುಕೊಂಡೇ ಇಪ್ಪತ್ತು ವರ್ಷ ಕಳೆದವರು ಇಲ್ಲಿಯೂ ಇದ್ದೀರಿ. ಅಲ್ಲಿನ ಸಭೆಗೆ ಸದಸ್ಯರಾಗದೆ, ಅಲ್ಲಿನ ನೆರೆಯವರ ಹೆಸರು ಕೇಳದೆ, ಬದುಕನ್ನೆಲ್ಲ ಬಸ್ ನಿಲ್ದಾಣದಲ್ಲಿ ಕುಳಿತಂತೆ ಕಳೆಯುವ ಅಪಾಯವನ್ನೇ ಯೆರೆಮೀಯನು ತಡೆಯಲು ನೋಡಿದ್ದು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕಾಗಿದೆ. ಎರಡು ವರ್ಷದ ಪ್ರವಾದನೆ ಹನನ್ಯನೊಂದಿಗೆ ಮುಗಿಯಲಿಲ್ಲ. ಇಂದಿಗೂ ನಮ್ಮ ನಡುವೆ ತಾರೀಖು ಕೊಡುವವರು ಇದ್ದಾರೆ. ಇಷ್ಟು ದಿನ ಉಪವಾಸ ಮಾಡಿದರೆ ಕೆಲಸ ಸಿಗುತ್ತದೆ, ಇಷ್ಟು ಕಾಣಿಕೆ ಇಟ್ಟರೆ ವರ್ಷದೊಳಗೆ ತೊಟ್ಟಿಲು ತೂಗುತ್ತದೆ ಎಂದು ಹೇಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆ ದಿನ ಬಂದು ಹೋಗಿ, ಏನೂ ಆಗದೆ ಇದ್ದಾಗ, ನಿನ್ನ ನಂಬಿಕೆ ಕಡಿಮೆಯಾಯಿತು ಎಂದು ಆ ಬಡವಳ ತಲೆಗೇ ಕಟ್ಟುವುದನ್ನೂ ನೋಡಿದ್ದೇನೆ. ಕೇಳುವವರ ಕಿವಿಗೆ ಹಿತವಾಗುವ ತಾರೀಖನ್ನು ದೇವರ ಬಾಯಲ್ಲಿ ಇಡುವುದು ಸಣ್ಣ ತಪ್ಪಲ್ಲ. ಕಾಲಗಳನ್ನೂ ಸಮಯಗಳನ್ನೂ ತಂದೆಯು ತನ್ನ ಸ್ವಂತ ಅಧಿಕಾರದಲ್ಲಿ ಇಟ್ಟುಕೊಂಡಿದ್ದಾನೆ, ಅವುಗಳನ್ನು ತಿಳಿಯುವುದು ನಿಮ್ಮ ಕೆಲಸವಲ್ಲ ಎಂದು ಯೇಸು ಸ್ವಾಮಿ ತನ್ನ ಶಿಷ್ಯರಿಗೇ ಹೇಳಿದ್ದು ಅಪೊಸ್ತಲರ ಕೃತ್ಯಗಳ ಮೊದಲನೆಯ ಅಧ್ಯಾಯದಲ್ಲಿದೆ.

'ಕಾಲಗಳು', 'ಸಮಯಗಳು' ಎಂದೆನಲ್ಲ, ಮೂಲದಲ್ಲಿ ಅವು ಎರಡು ಗ್ರೀಕ್ ಪದಗಳು: ಕ್ರೋನೊಸ್ ಮತ್ತು ಕೈರೊಸ್. ಕ್ರೋನೊಸ್ ಎಂದರೆ ಗಡಿಯಾರದ ಕಾಲ, ಕೈರೊಸ್ ಎಂದರೆ ದೇವರು ಗೊತ್ತುಮಾಡಿದ ಸಮಯ ಎಂದು ಪ್ರಸಂಗಗಳಲ್ಲಿ ಹೇಳುವುದು ರೂಢಿಯಾಗಿದೆ. ಈ ವಿಂಗಡಣೆಯಲ್ಲಿ ಸತ್ಯಾಂಶವಿದೆ. ಯೇಸು ಗಲಿಲಾಯದಲ್ಲಿ ಕಾಲ ಪರಿಪೂರ್ಣವಾಯಿತು ಎಂದು ಸಾರಿದಾಗ ಮಾರ್ಕನು ಬರೆದದ್ದು ಕೈರೊಸ್. ಆದರೆ ಪೌಲನು ಗಲಾತ್ಯದವರಿಗೆ, ಕಾಲವು ಪರಿಪೂರ್ಣವಾದಾಗ ದೇವರು ತನ್ನ ಮಗನನ್ನು ಕಳುಹಿಸಿದನು ಎಂದು ಬರೆಯುವಾಗ ಬಳಸಿದ್ದು ಕ್ರೋನೊಸ್ ಎಂಬ ಪದವನ್ನೇ. ಈ ಸಣ್ಣ ಸಂಗತಿ ನನಗೆ ಬಹಳ ಸಮಾಧಾನ ಕೊಟ್ಟಿದೆ. ನಮ್ಮ ದಿನಗಳು ಒಂದು ಕಡೆ ವ್ಯರ್ಥವಾಗಿ ಹರಿದುಹೋಗುತ್ತಿರುವಾಗ ದೇವರ ಸಮಯವೆಂಬುದು ಬೇರೆಲ್ಲೋ ಮೇಲೆ ನಡೆಯುತ್ತಿರುವುದಿಲ್ಲ. ಸಂಬಳದ ದಿನ, ಸಂತೆಯ ದಿನ, ಆಸ್ಪತ್ರೆಗೆ ಹೋಗುವ ದಿನ ಎಂದು ನಾವು ಗುರುತು ಹಾಕುವ ಅದೇ ಕ್ಯಾಲೆಂಡರಿನ ಚೌಕಗಳಲ್ಲಿಯೇ ದೇವರು ಕೆಲಸ ಮಾಡುತ್ತಾರೆ.

ನಾನು ಬೆಳೆದದ್ದು ಚಿಂಚೋಳಿ ಕಡೆಯ ಒಂದು ಎರೆಭೂಮಿಯ ಹಳ್ಳಿಯಲ್ಲಿ. ಮಿರಗದ ಮಳೆ ಬಿದ್ದು ನೆಲ ಹದವಾದ ಮೇಲೆ ಅಪ್ಪ ಹೆಸರು ಮತ್ತು ತೊಗರಿಯನ್ನು ಒಂದೇ ಹೊಲದಲ್ಲಿ ಸಾಲು ಬಿಟ್ಟು ಬಿತ್ತುತ್ತಿದ್ದರು. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಎಡೆ ಹೊಡೆಯುವ ದಿನಗಳಲ್ಲಿ ಅವರ ಬೆನ್ನು ಹತ್ತಿ ಹೋಗಿದ್ದೆ. ಹೆಸರು ಆಗಲೇ ಹರಡಿಕೊಂಡು ಹೂವಿಗೆ ಬಂದಿತ್ತು. ಪಕ್ಕದ ಸಾಲಿನ ತೊಗರಿ ಮಾತ್ರ ಬಡಕಲಾಗಿ, ಬಿತ್ತಿದ್ದೇ ತಪ್ಪಾಯಿತೇನೋ ಎಂಬಂತೆ ನಿಂತಿತ್ತು. ತೊಗರಿ ಕೆಟ್ಟಿತೇನಪ್ಪ ಎಂದು ಕೇಳಿದೆ. ಅವರು ಎತ್ತುಗಳನ್ನು ನಿಲ್ಲಿಸಿ, ಬದುವಿನ ಹತ್ತಿರ ಸಾಲು ತಪ್ಪಿ ಹುಟ್ಟಿದ್ದ ಒಂದು ತೊಗರಿ ಗಿಡದ ಬುಡಕ್ಕೆ ಖುರ್ಪಿ ಹಾಕಿ ಅಗೆಯತೊಡಗಿದರು. ನನ್ನ ಮೊಳಕೈವರೆಗೆ ತಗ್ಗು ಆದರೂ ಬೇರು ಮುಗಿಯಲಿಲ್ಲ. ಕೊನೆಗೆ ಅದು ಚಟ್ಟನೆ ಹರಿದುಬಂತು, ತುದಿ ಇನ್ನೂ ಮಣ್ಣಿನೊಳಗೇ ಉಳಿದಿತ್ತು. "ಈಗ ಅದು ಕೆಳಗ ಬೆಳಿಲಿಕತ್ತದ, ನೀ ಮ್ಯಾಲ ನೋಡಬ್ಯಾಡ" ಎಂದರು. ಅಷ್ಟೇ ಹೇಳಿ ಮತ್ತೆ ಎಡೆಕುಂಟೆ ಹಿಡಿದರು.

ಹೆಸರು ಎರಡೂವರೆ ತಿಂಗಳಲ್ಲಿ ರಾಶಿಯಾಗಿ ಪೇಟೆಗೆ ಹೋಯಿತು, ನಮ್ಮ ಶಾಲೆಯ ಫೀಸು ಅದರಿಂದಲೇ ಬಂತು. ತೊಗರಿ ಹೊಲದಲ್ಲಿ ಒಂಟಿಯಾಗಿ ಉಳಿಯಿತು. ಮಳೆ ಹಿಂದೆ ಸರಿದು, ಎರೆನೆಲ ಬಿರುಕು ಬಿಡತೊಡಗಿದ ಕಾಲದಲ್ಲಿ ಅದು ಎದೆಮಟ್ಟಕ್ಕೆ ಎದ್ದು ಹಳದಿ ಹೂವು ತುಂಬಿಕೊಂಡು ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೇಲ್ಮಣ್ಣು ಒಣಗಿದರೂ ಆಳದ ತೇವ ಬೇರಿಗೆ ಸಿಗುತ್ತಿತ್ತು. ಕ್ರಿಸ್ಮಸ್ಸಿನ ಹೊತ್ತಿಗೆ ಕಾಯಿ ಒಣಗಿ ಗಾಳಿಗೆ ಗಿಲಿಗಿಲಿ ಎನ್ನುತ್ತಿತ್ತು. ಇಂದು ಸುಗ್ಗಿ ಹಬ್ಬಕ್ಕೆ ನೀವು ತಂದು ಪೀಠದ ಮುಂದೆ ಸುರಿದ ತೊಗರಿಗೂ ಇದೇ ಚರಿತ್ರೆ ಇದೆ.

ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದಲ್ಲಿ ತಾಳ್ಮೆಗೆ ಕೊಟ್ಟ ಉದಾಹರಣೆ ಒಕ್ಕಲಿಗನದೇ. ಮುಂಗಾರು ಹಿಂಗಾರು ಮಳೆಗಳು ಬರುವ ತನಕ ಅವನು ಭೂಮಿಯ ಬೆಲೆಯುಳ್ಳ ಫಲಕ್ಕಾಗಿ ಕಾಯುತ್ತಾನೆ ಎನ್ನುತ್ತದೆ ಆ ಮಾತು. ಓದುವಾಗ ನಾವು 'ಕಾಯುತ್ತಾನೆ' ಎಂಬಲ್ಲಿ ಕಟ್ಟೆಯ ಮೇಲೆ ಕುಳಿತವನನ್ನು ಕಲ್ಪಿಸಿಕೊಳ್ಳುತ್ತೇವೆ. ನಮ್ಮ ಅಪ್ಪ ತೊಗರಿಗೆ ಕಾದ ಆರು ತಿಂಗಳಲ್ಲಿ ಒಂದು ದಿನವೂ ಹಾಗೆ ಕುಳಿತದ್ದನ್ನು ನಾನು ನೋಡಲಿಲ್ಲ. ಎಡೆ ಹೊಡೆದರು, ಕಳೆ ತೆಗೆಸಿದರು, ಕೀಡೆ ಬಿದ್ದಾಗ ಗಿಡಗಳ ಕೆಳಗೆ ಬಟ್ಟೆ ಹಾಸಿ ಜಾಡಿಸಿ ಆರಿಸಿದರು. ಮಳೆ ತರಿಸುವುದೊಂದನ್ನು ಮಾತ್ರ ಅವರು ಮಾಡಲಿಲ್ಲ, ಏಕೆಂದರೆ ಅದು ಅವರ ಕೈಯಲ್ಲಿ ಇರಲಿಲ್ಲ. ತಾಳಿದವನು ಬಾಳಿಯಾನು ಎಂಬ ನಮ್ಮ ಗಾದೆಯನ್ನು ನಾನು ಗೌರವಿಸುತ್ತೇನೆ, ಆದರೆ ಸತ್ಯವೇದದ ತಾಳ್ಮೆಗೆ ಕೈತುಂಬ ಕೆಲಸವಿದೆ.

ಕಾಯಲಾಗದೆ ದೇವರ ಕೆಲಸವನ್ನು ತಾವೇ ಮಾಡಲು ಹೋದವರ ಕಥೆಯೂ ಆದಿಕಾಂಡದಲ್ಲಿ ಇದೆ. ಅಬ್ರಹಾಮನು ಹಾರಾನಿನಿಂದ ಹೊರಟಾಗ 75 ವರ್ಷದವನು, ಇಸಾಕನು ಹುಟ್ಟಿದಾಗ 100 ವರ್ಷದವನು. ನಡುವಿನ 25 ವರ್ಷಗಳಲ್ಲಿ, ಮಗನನ್ನು ಕೊಡುವೆನೆಂಬ ದೇವರ ವಾಗ್ದಾನ ತಡವಾಯಿತೆಂದು, ಸಾರಳು ತನ್ನ ದಾಸಿ ಹಾಗರಳನ್ನು ಗಂಡನಿಗೆ ಕೊಟ್ಟಳು. ಆ ಆತುರದ ಬೆಲೆಯನ್ನು ತೆತ್ತವಳು ಸಾರಳಲ್ಲ, ಅಬ್ರಹಾಮನೂ ಅಲ್ಲ. ಬಸುರಿಯಾಗಿ ಮರುಭೂಮಿಗೆ ಓಡಿದವಳು ಹಾಗರಳು. ದೇವರಿಗೆ 'ನನ್ನನ್ನು ನೋಡುವಾತ' ಎಂಬ ಹೆಸರನ್ನು ಮೊದಲು ಇಟ್ಟವಳೂ ಆ ದಾಸಿಯೇ. ನಾವು ಅವಸರ ಮಾಡಿದಾಗ ನಮಗಿಂತ ಬಲಹೀನರಾದವರು ಅದರ ಕೆಳಗೆ ಸಿಕ್ಕಿ ನಲುಗುತ್ತಾರೆ ಎಂಬುದನ್ನು ಮಕ್ಕಳ ಮದುವೆಗಳಲ್ಲಿ, ಸಾಲಗಳಲ್ಲಿ, ಆಸ್ತಿಯ ಪಾಲುಗಳಲ್ಲಿ ನಾವೆಲ್ಲ ಕಂಡಿದ್ದೇವೆ.

ಇನ್ನು ಉದ್ದೇಶದ ಮಾತು. ಯೋಸೇಫನನ್ನು ಬಿಟ್ಟು ಈ ಮಾತು ಆಡುವಂತಿಲ್ಲ. ಅಣ್ಣಂದಿರು ಮಾರಿದಾಗ ಅವನಿಗೆ 17 ವರ್ಷ, ಫರೋಹನ ಮುಂದೆ ನಿಂತಾಗ 30 ವರ್ಷ. ನಡುವೆ 13 ವರ್ಷ. ಅದರಲ್ಲಿ ಕೊನೆಯ ಎರಡು ವರ್ಷಗಳು ಬಹಳ ಕಹಿಯಾಗಿರಬೇಕು, ಏಕೆಂದರೆ ಸೆರೆಮನೆಯಿಂದ ಬಿಡುಗಡೆಯಾಗಿ ಹೋದ ಪಾನದಾಯಕನು ತನ್ನನ್ನು ನೆನಸುತ್ತಾನೆಂಬ ಆಸೆಯನ್ನು ಹಿಡಿದು ಕಾದ ವರ್ಷಗಳು ಅವು, ಮತ್ತು ಆ ಮನುಷ್ಯ ಮರೆತೇಬಿಟ್ಟಿದ್ದನು. ಈ ಕಥೆಯಲ್ಲಿ ಎಲ್ಲರೂ ಕನಸುಗಳ ಬಗ್ಗೆ ಮಾತಾಡುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು 40ನೇ ಅಧ್ಯಾಯದ 7ನೇ ವಚನ. ಒಂದು ಬೆಳಿಗ್ಗೆ ಯೋಸೇಫನು ತನ್ನೊಡನೆ ಸೆರೆಯಲ್ಲಿದ್ದ ಇಬ್ಬರ ಮುಖ ನೋಡಿ, ಈ ಹೊತ್ತು ನಿಮ್ಮ ಮುಖ ಏಕೆ ಕಳೆಗುಂದಿದೆ ಎಂದು ಕೇಳುತ್ತಾನೆ. ಮಾಡದ ತಪ್ಪಿಗೆ ಸೆರೆಯಲ್ಲಿದ್ದವನು, ತನ್ನ ಮುಖವನ್ನು ಯಾರೂ ನೋಡದ ಸ್ಥಳದಲ್ಲಿ, ಇನ್ನೊಬ್ಬರ ಮುಖ ನೋಡಿ ಕೇಳಿದ ಪ್ರಶ್ನೆ ಅದು. ಐಗುಪ್ತವನ್ನೂ ತನ್ನ ತಂದೆಯ ಮನೆಯನ್ನೂ ಬರಗಾಲದಿಂದ ಉಳಿಸಿದ ದೊಡ್ಡ ಉದ್ದೇಶ ಆ ಸಣ್ಣ ವಿಚಾರಣೆಯ ಎಳೆಗೆ ತೂಗುತ್ತಿತ್ತು. ಅದು ಅವನಿಗೆ ಆಗ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಕೇಳಿದನು.

ಉದ್ದೇಶವು ನಾವು ಹೊರಟ ಕೆಲಸದಲ್ಲೇ ಇರಬೇಕೆಂದೂ ಇಲ್ಲ. ಫರ್ಡಿನೆಂಡ್ ಕಿಟ್ಟೆಲರು 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಸುವಾರ್ತೆ ಸಾರಲು ಬಂದವರು. ಇಂದು ಕನ್ನಡ ನಾಡು, ಕ್ರೈಸ್ತರಲ್ಲದವರನ್ನೂ ಕೂಡಿಸಿ, ಅವರನ್ನು ನೆನೆಯುವುದು 1894ರಲ್ಲಿ ಅಚ್ಚಾಗಿ ಬಂದ ಕನ್ನಡ ನಿಘಂಟಿಗಾಗಿ. ಹಡಗಿನಿಂದ ಇಳಿದ ದಿನ ಆ ಯುವಕನಿಗೆ ಇದನ್ನು ಯಾರಾದರೂ ಹೇಳಿದ್ದರೆ ಒಪ್ಪುತ್ತಿದ್ದನೋ ಇಲ್ಲವೋ.

ಯೋಸೇಫನ ಕಥೆಯ ಕೊನೆಯಲ್ಲಿ ಬರುವ ಮಾತು ನಿಮಗೆಲ್ಲ ಬಾಯಿಪಾಠ ಇದೆ. ನೀವು ನನಗೆ ಕೇಡನ್ನು ಕಲ್ಪಿಸಿದಿರಿ, ದೇವರು ಅದನ್ನು ಮೇಲಾಗುವಂತೆ ಮಾಡಿದನು ಎಂದು ಅವನು ಅಣ್ಣಂದಿರಿಗೆ ಹೇಳುತ್ತಾನೆ. ಈ ಮಾತನ್ನು ಯಾರು ಹೇಳಿದರು, ಯಾವಾಗ ಹೇಳಿದರು ಎಂಬುದನ್ನು ದಯವಿಟ್ಟು ಗಮನಿಸಿರಿ. ನೋವು ಉಂಡವನೇ ಹೇಳಿದನು, ಎಲ್ಲ ಮುಗಿದು ಎಷ್ಟೋ ವರ್ಷಗಳಾದ ಮೇಲೆ ಹೇಳಿದನು. ಅವನು ಗುಂಡಿಯಲ್ಲಿ ಅಳುತ್ತಿದ್ದಾಗ ಅಣ್ಣಂದಿರಲ್ಲಿ ಒಬ್ಬನು ಬಗ್ಗಿ ನೋಡಿ, ಇದರಲ್ಲಿ ದೇವರ ಉದ್ದೇಶವಿದೆ ತಮ್ಮಾ ಎಂದಿದ್ದರೆ ಅದು ಅದೇ ಮಾತಾದರೂ ಅದೇ ಸತ್ಯವಾಗುತ್ತಿರಲಿಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ನನಗೆ ಕಾರಣವಿದೆ. ನನ್ನ ತಂಗಿ ಮೂತ್ರಪಿಂಡದ ಕಾಯಿಲೆಯಿಂದ ಮೂರು ವರ್ಷ ನರಳಿ, 34ನೆಯ ವಯಸ್ಸಿನಲ್ಲಿ, ಎರಡು ಸಣ್ಣ ಮಕ್ಕಳನ್ನು ಬಿಟ್ಟು ತೀರಿಕೊಂಡಳು. ಆ ಮೂರು ವರ್ಷ ನಮ್ಮ ಮನೆಯಲ್ಲಿ ಪ್ರತಿ ಶುಕ್ರವಾರ ಉಪವಾಸ ಪ್ರಾರ್ಥನೆ ನಡೆಯಿತು. ಮಣ್ಣು ಮಾಡಿ ಬಂದ ಸಂಜೆ ಒಬ್ಬರು ನಮ್ಮ ಅವ್ವನ ಎದುರು ಕುಳಿತು, ದೇವರ ಸಮಯ ಬಂದಿತ್ತು, ಇದರಲ್ಲಿಯೂ ಅವರ ಉದ್ದೇಶ ಇರುತ್ತದೆ ಎಂದರು. ಅವರ ಮನಸ್ಸು ಒಳ್ಳೆಯದೇ. ಅವ್ವ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟು ಎದ್ದು ಒಳಗೆ ಹೋದಳು. ಅಂದಿನಿಂದ ಬಹುಕಾಲ ಪ್ರಾರ್ಥನೆಯಲ್ಲಿ ಬಾಯಿ ಬಿಡಲಿಲ್ಲ. ಅದೇ ಮನೆಗೆ ನಮ್ಮ ಸಭೆಯ ಇನ್ನೊಬ್ಬ ಹಿರಿಯ ತಾಯಿ ಮರುದಿನ ಬೆಳಿಗ್ಗೆ ಬಂದರು. ಮೂರು ದಿನ ನಮ್ಮ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿದರು, ಪುಂಡಿಪಲ್ಯ ಮಾಡಿದರು, ಮಕ್ಕಳಿಗೆ ಉಣಿಸಿದರು. ದೇವರ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ಮೂರನೆಯ ದಿನ ಅವ್ವ ತಾನಾಗಿ ಹೋಗಿ ಅವರ ಪಕ್ಕದಲ್ಲಿ ಕುಳಿತು, ಹಿಟ್ಟಿನ ಪರಾತವನ್ನು ತನ್ನ ಕಡೆ ಎಳೆದುಕೊಂಡಳು.

ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರೂ ಮೊದಲು ಸರಿಯಾಗಿಯೇ ನಡೆದುಕೊಂಡರು. ಏಳು ದಿನ ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಬಾಯಿ ತೆರೆದು ಕಾರಣ ಹೇಳತೊಡಗಿದ ಮೇಲೆ ಕೆಟ್ಟಿತು. ಬೇಥಾನ್ಯದಲ್ಲಿ ಲಾಜರನ ಸಮಾಧಿಯ ಹತ್ತಿರ ಯೇಸುವಿಗೆ ತಾನು ಏನು ಮಾಡಲಿದ್ದೇನೆಂದು ಗೊತ್ತಿತ್ತು. ಎರಡು ದಿನ ತಡಮಾಡಿ ಬಂದವನೂ ಆತನೇ. ಸ್ವಾಮೀ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಮಾರ್ಥಳೂ ಮರಿಯಳೂ ಬೇರೆಬೇರೆಯಾಗಿ ಬಂದು ಅದೇ ಮಾತು ಆಡಿದರು, ಮತ್ತು ಆತನು ಅವರಿಬ್ಬರನ್ನೂ ಗದರಿಸಲಿಲ್ಲ. ಇನ್ನು ಕೆಲವೇ ನಿಮಿಷಗಳಲ್ಲಿ ಸತ್ತವನು ಎದ್ದು ಬರಲಿದ್ದರೂ ಯೇಸು ಕಣ್ಣೀರು ಬಿಟ್ಟನು. ಉದ್ದೇಶವನ್ನು ಬಲ್ಲಾತನೇ ಅತ್ತಿರುವಾಗ, ಅದನ್ನು ಅರಿಯದ ನಾವು ಅಳುವವರ ಕಣ್ಣೀರನ್ನು ವಿವರಣೆಯಿಂದ ಒರೆಸಲು ಹೋಗಬಾರದು.

ಈ ಊರಿನ ಬಿದರಿ ಕೆಲಸವನ್ನು ಇಂಥ ಸಂದರ್ಭದಲ್ಲಿ ಉದಾಹರಣೆ ಕೊಡುವುದುಂಟು. ನಾನೂ ಇಲ್ಲಿನ ಒಂದು ಗಲ್ಲಿಯಲ್ಲಿ ಕುಳಿತು ಅದನ್ನು ನೋಡಿದ್ದೇನೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯನ್ನು ಅರದಿಂದ ನಯಗೊಳಿಸಿ, ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡುತ್ತಾರೆ. ಆ ಕಪ್ಪು ತಾತ್ಕಾಲಿಕ, ಗೆರೆ ಕಾಣಿಸಲೆಂದು ಮಾತ್ರ. ಗೆರೆಯ ಮೇಲೆ ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸಿ, ಆಮೇಲೆ ಎಲ್ಲವನ್ನೂ ಉಜ್ಜುತ್ತಾರೆ. ಆ ಹಂತದಲ್ಲಿ ನನ್ನ ಕೈಗೆ ಕೊಟ್ಟರು. ಕಪ್ಪು ಹೋಗಿತ್ತು, ಇಡೀ ಹೂಜಿ ಒಂದೇ ಬಿಳಿಯಾಗಿ, ಅಷ್ಟು ದಿನದ ಬಳ್ಳಿ ಹೂವುಗಳೆಲ್ಲ ಅಳಿಸಿಹೋದಂತೆ ಕಂಡಿತು. ಬೆರಳಿಗೂ ಗೆರೆ ಹತ್ತಲಿಲ್ಲ. ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿಯಾಗಿ ಹಚ್ಚಿದ ಮೇಲೆ ಲೋಹ ಕಡುಕಪ್ಪಾಯಿತು, ಬೆಳ್ಳಿಗೆ ಏನೂ ಆಗಲಿಲ್ಲ, ಬಳ್ಳಿ ಎದ್ದು ಕಂಡಿತು. ಬದುಕಿನಲ್ಲಿ ಎಲ್ಲ ಅಳಿಸಿಹೋಯಿತೆಂದುಕೊಂಡ ವರ್ಷಗಳಿಗೆ ಇದು ಒಪ್ಪುತ್ತದೆ, ನಿಜ. ಆದರೂ ಈ ಹೋಲಿಕೆಯನ್ನು ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ. ಹೂಜಿಗೆ ನೋವಿಲ್ಲ, ಅವ್ವನಿಗೆ ಇತ್ತು. ನಮ್ಮ ದೇವರು ಹೊರಗೆ ಕುಳಿತು ಬಡಿಯುವಾತನಾಗಿ ಉಳಿಯದೆ ತಾನೇ ಮಾಂಸಧಾರಿಯಾಗಿ ಬಂದು ಮೊಳೆಯ ಪೆಟ್ಟನ್ನು ತಿಂದನು. ನನ್ನ ಭರವಸೆ ಕಡೆಗೂ ನಿಂತಿರುವುದು ಆತನ ಕುಶಲತೆಯ ಮೇಲಲ್ಲ, ಆ ಗಾಯಗಳ ಮೇಲೆ.

ಇನ್ನೊಂದು ಎಚ್ಚರಿಕೆಯನ್ನು ಚಿಕ್ಕದಾಗಿ ಹೇಳುತ್ತೇನೆ. ದೇವರ ಸಮಯ ಬರುವ ತನಕ ಸುಮ್ಮನಿರು ಎಂಬ ಮಾತು ಬಡವರನ್ನು ಬಾಯಿ ಮುಚ್ಚಿಸಲು ಬಳಕೆಯಾಗಬಾರದು. ಪೌಲನು ಫಿಲಿಪ್ಪಿಯ ಸೆರೆಯಲ್ಲಿ ನಡುರಾತ್ರಿ ಕೀರ್ತನೆ ಹಾಡಿದನು. ಬೆಳಗಾದ ಮೇಲೆ, ರೋಮಿನ ಹಕ್ಕುದಾರರಾದ ನಮ್ಮನ್ನು ವಿಚಾರಣೆ ಇಲ್ಲದೆ ಹೊಡೆದಿರಲ್ಲ, ಅಧಿಕಾರಿಗಳೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಎಂದು ಪಟ್ಟು ಹಿಡಿದನು. ಮುಂದೆ ಕೈಸರನಿಗೇ ಅಹವಾಲು ಹಾಕಿದನು. ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನದ 371(ಜೆ) ಕಲಂ ದೊರೆತದ್ದು ವರ್ಷಗಟ್ಟಲೆ ಮನವಿ ಕೊಟ್ಟು, ಧರಣಿ ಕುಳಿತು, ಹೋರಾಡಿದವರಿಂದ. ಅರ್ಜಿ ಬರೆಯುವ ಕೈಯೂ ಪ್ರಾರ್ಥನೆಗೆ ಜೋಡಿಸುವ ಕೈಯೂ ಒಂದೇ.

ಕಾಯುವಾಗ ದೇವರಿಗೆ ದೂರು ಹೇಳಬಹುದೇ ಎಂದು ಕೆಲವರು ಕೇಳುತ್ತೀರಿ. 13ನೇ ಕೀರ್ತನೆಯಲ್ಲಿ 'ಎಷ್ಟರ ತನಕ' ಎಂಬ ಪ್ರಶ್ನೆ ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ ಬರುತ್ತದೆ. ಅದನ್ನು ಪರಿಶುದ್ಧ ಗ್ರಂಥದಿಂದ ಯಾರೂ ಕಿತ್ತುಹಾಕಲಿಲ್ಲ. ಅವ್ವ ಎಷ್ಟೋ ತಿಂಗಳ ಮೇಲೆ ಮತ್ತೆ ಪ್ರಾರ್ಥನೆಗೆ ಬಾಯಿ ತೆರೆದಾಗ ಓದಿಸಿಕೊಂಡದ್ದು ಆ ಕೀರ್ತನೆಯನ್ನೇ.

ಯೆರೆಮೀಯನ ಕಡೆಗೆ ತಿರುಗಿ ಬಂದು ಮಾತು ಮುಗಿಸುತ್ತೇನೆ. ಕಾಗದ ಬರೆದ ಎಷ್ಟೋ ವರ್ಷಗಳ ಮೇಲೆ, ಯೆರೂಸಲೇಮನ್ನು ಬಾಬೆಲಿನ ಸೈನ್ಯ ಮುತ್ತಿಕೊಂಡಿದ್ದಾಗ, ಯೆರೆಮೀಯನು ಅರಮನೆಯ ಕಾರಾಗೃಹದ ಅಂಗಳದಲ್ಲಿ ಸೆರೆಯಾಗಿದ್ದನು. ಆಗ ಅವನ ಚಿಕ್ಕಪ್ಪನ ಮಗ ಹನಮೇಲನು ಬಂದು, ಅನಾತೋತಿನಲ್ಲಿರುವ ನನ್ನ ಹೊಲವನ್ನು ಕೊಂಡುಕೋ ಎಂದನು. ಅನಾತೋತ್ ಯೆರೆಮೀಯನು ಹುಟ್ಟಿದ ಊರು. ಆ ಊರಿನವರೇ ಹಿಂದೆ ಅವನಿಗೆ, ಪ್ರವಾದನೆ ಮಾಡಿದರೆ ನಮ್ಮ ಕೈಯಿಂದಲೇ ಸಾಯುತ್ತೀ ಎಂದಿದ್ದರು. ಅವನಿಗೆ ಹೆಂಡತಿ ಮಕ್ಕಳು ಇರಲಿಲ್ಲ, ಮದುವೆಯಾಗಬಾರದೆಂದು ದೇವರೇ ಹೇಳಿದ್ದರು. ಹೊಲಕ್ಕೆ ವಾರಸುದಾರರಿಲ್ಲ, ಊರಿನವರ ಪ್ರೀತಿಯಿಲ್ಲ, ದೇಶ ಕೈಬಿಟ್ಟುಹೋಗುತ್ತಿದೆ. ಅಂಥ ಹೊಲಕ್ಕೆ ಅವನು 17 ತೊಲ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟನು. ಕ್ರಯಪತ್ರ ಬರೆಸಿ, ಸಾಕ್ಷಿಗಳ ರುಜು ಹಾಕಿಸಿ, ಮುದ್ರೆ ಹಾಕಿದ ಪ್ರತಿಯನ್ನೂ ಮುದ್ರೆ ಹಾಕದ ಪ್ರತಿಯನ್ನೂ ತನ್ನ ಲೇಖಕ ಬಾರೂಕನ ಕೈಗಿತ್ತು, ಇವು ಬಹುಕಾಲ ಉಳಿಯುವಂತೆ ಒಂದು ಮಣ್ಣಿನ ಗಡಿಗೆಯಲ್ಲಿ ಇಡು ಎಂದನು. ಹೊಲದ ಪಹಣಿಗಾಗಿ, ಹದ್ದುಬಸ್ತಿಗಾಗಿ ಅಲೆದಾಡಿದ ನಿಮಗೆ ಆ ಕಾಗದದ ಬೆಲೆ ಗೊತ್ತು.

ಇಷ್ಟೆಲ್ಲ ಮಾಡಿ ಮುಗಿಸಿದ ಮೇಲೆ ಅವನು ಪ್ರಾರ್ಥನೆಗೆ ಕುಳಿತನು. ಪಟ್ಟಣ ಶತ್ರುವಿನ ಪಾಲಾಗುತ್ತಿದೆ, ನೀನು ನೋಡಿದರೆ ಹಣ ಕೊಟ್ಟು ಹೊಲ ಕೊಂಡುಕೋ ಎನ್ನುತ್ತೀಯಲ್ಲ ಕರ್ತನೇ ಎಂಬ ಬೆರಗು ಆ ಪ್ರಾರ್ಥನೆಯ ಕೊನೆಯಲ್ಲಿದೆ. ಹೇಳಿದ್ದನ್ನು ಮಾಡಿ ಆದ ಮೇಲೆ ಕೇಳಿದನು. ಈ ದೇಶದಲ್ಲಿ ಮನೆಗಳನ್ನೂ ಹೊಲಗಳನ್ನೂ ದ್ರಾಕ್ಷೆಯ ತೋಟಗಳನ್ನೂ ಮತ್ತೆ ಕೊಂಡುಕೊಳ್ಳುವರು ಎಂಬುದಷ್ಟೇ ಅವನಿಗಿದ್ದ ಮಾತು. ಪಟ್ಟಣ ಬಿದ್ದಿತು. ಅವನ ಜನರು ಅವನನ್ನು ಐಗುಪ್ತಕ್ಕೆ ಎಳೆದುಕೊಂಡು ಹೋದರು. ಅವನು ಆ ಹೊಲದಲ್ಲಿ ಒಮ್ಮೆಯಾದರೂ ಬಿತ್ತಿದನೆಂದು ಎಲ್ಲಿಯೂ ಬರೆದಿಲ್ಲ.

ಕ್ರಿ.ಪೂ. 539ರಲ್ಲಿ ಪಾರಸಿಯ ಅರಸ ಕೋರೆಷನು (ಸೈರಸ್) ಬಾಬೆಲನ್ನು ಹಿಡಿದನು. ಸೆರೆಹೋದವರು ಊರಿಗೆ ತಿರುಗಬಹುದೆಂಬ ಅಪ್ಪಣೆ ಹೊರಟಿತು. ಹಿಂದಿರುಗಿದವರ ಪಟ್ಟಿ ಎಜ್ರನ ಪುಸ್ತಕದ 2ನೇ ಅಧ್ಯಾಯದಲ್ಲಿದೆ. ಬರೀ ಹೆಸರುಗಳು, ಬರೀ ಅಂಕಿಗಳು ಎಂದು ಓದುವಾಗ ನಾವು ಹಾರಿಸಿಬಿಡುವ ಅಧ್ಯಾಯ ಅದು. ಇಂದು ಮನೆಗೆ ಹೋಗಿ ಆ ಅಧ್ಯಾಯವನ್ನು ಒಮ್ಮೆ ತೆರೆಯಿರಿ. 23ನೇ ವಚನದಲ್ಲಿ ಒಂದೇ ಸಾಲು ಇದೆ: ಅನಾತೋತಿನವರು 128.